ಹಸಿರು ಬಳೆಯ ಹದ್ದನ್ನು ಹುಡುಕಿಕೊಂಡು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಎಂಟೂಕಾಲಿಗೆ ಮಲ್ಲೇಶ್ವರದ ಮನೆ ಬಿಟ್ಟಾಗ ನನ್ನ ಕೈಯಲ್ಲಿದ್ದದ್ದು ಒಂದು ತರಕಾರಿ ಚೀಲ. ಅದರೊಳಗೆ ಹಳೇ ಟವೆಲಿನಲ್ಲಿ ಸುತ್ತಿದ ಆರುನೂರು ಎಂಎಂ ಲೆನ್ಸು, ಕ್ಯಾಮೆರಾ, ಎರಡು ಬ್ಯಾಟರಿ, ಒಂದು ಡಬ್ಬಿ ಒಗ್ಗರಣೆ ಅವಲಕ್ಕಿ. ನೋಡಿದವರಿಗೆ ಕಾಣಲಿ ಎಂದು ಮೇಲೊಂದು ಕಂತೆ ಕರಿಬೇವು. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಟೈಪು ಕುಟ್ಟಿ, ನಿವೃತ್ತಿಯಾದ ತಿಂಗಳೇ ಕೊಂಡ ಲೆನ್ಸು ಅದು. ಈ ವಯಸ್ಸಿನಲ್ಲಿ ನಿನಗ್ಯಾಕೆ ಈ ತೋಪು ಎಂದು ನನ್ನ ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ತೂಕ ಎರಡು ಕಿಲೋಗೂ ಮೇಲೆ. ಅದನ್ನು ಅದರದೇ ಕಪ್ಪು ಬ್ಯಾಗಿನಲ್ಲಿ ಹೊತ್ತು ಮಾರ್ಕೆಟ್ ಬಸ್ಸು ಹತ್ತುವಷ್ಟು ಧೈರ್ಯ ನನಗಿಲ್ಲ.

ಹೊರಟದ್ದು ಮಜಕ್ಕಲ್ಲ. ಎರಡು ದಿನದ ಹಿಂದೆ ನಮ್ಮ ಮನೆಯೆದುರಿನ ಮಳೆಮರದಲ್ಲಿ ಒಂದು ಹದ್ದು ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಕೇಬಲ್ಲಿನವರ ಉದ್ದ ಏಣಿ ತರಿಸಿ ಇಳಿಸಿದ್ದಾಯಿತು. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಅದರಲ್ಲಿ ಕೂರಿಸಿಕೊಂಡು ಊರಾಚೆ ಇರುವ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಒಯ್ದೆ. ಆಟೋದಲ್ಲಿ ಒಂದು ಗಂಟೆಯ ದಾರಿ. ಅಷ್ಟು ಹೊತ್ತೂ ಅದು ತೂತಿನಿಂದ ನನ್ನನ್ನೇ ನೋಡುತ್ತಿತ್ತು. ಏನೂ ಆಗಲ್ಲ ಸುಮ್ನಿರು ಎಂದು ಅದಕ್ಕೆ ಹೇಳುತ್ತಾ ಹೋದೆ. ಹಾಗೆ ಹೇಳಿದ್ದೇ ತಪ್ಪಾಯಿತು. ಹೇಳಿದ ಮೇಲೆ ಅದರ ಹೊಣೆ ನನ್ನ ತಲೆಯ ಮೇಲೆ ಬಂತು.

ಹಿಂದಿನ ಸಂಜೆ ಅಲ್ಲಿನ ಡಾಕ್ಟರು ಫೋನ್ ಮಾಡಿದ್ದರು. ಎಡ ರೆಕ್ಕೆಯ ಮೂಳೆ ಕೀಲಿನ ಪಕ್ಕದಲ್ಲೇ ಮುರಿದಿದೆ, ಇಂಥ ಮುರಿತ ಕೂಡುವುದು ಅಪರೂಪ ಎಂದರು. ಅವರು ಒಂದೇ ಒಂದು ಸಲ, ಕಳೆದ ಬೇಸಿಗೆಯಲ್ಲಿ, ಹೀಗೇ ಮುರಿದುಕೊಂಡಿದ್ದ ಒಂದು ಹದ್ದಿಗೆ ಒಳಗೆ ಕಂಬಿ ಹಾಕಿ ನೋಡಿದ್ದರಂತೆ. ಅದು ಒಂದೂವರೆ ತಿಂಗಳು ನೋವು ತಿಂದು ಎದ್ದುಕೊಂಡಿತು. ಚಾಮರಾಜಪೇಟೆಯಲ್ಲಿ ಸಿಕ್ಕಿದ್ದಾದ್ದರಿಂದ ಅಲ್ಲಿಗೇ ಒಯ್ದು ಹಾರಿಬಿಟ್ಟರು. ಕಾಲಿಗೆ ಹಸಿರು ಪ್ಲಾಸ್ಟಿಕ್ ಬಳೆ, ಅದರ ಮೇಲೆ ಬಿಳಿಯಲ್ಲಿ ಇಪ್ಪತ್ತನಾಲ್ಕು ಎಂಬ ಅಂಕಿ. ಆಮೇಲೆ ಅದನ್ನು ಯಾರೂ ಕಂಡಿಲ್ಲ.

"ಅದು ಬದುಕಿದೆ ಅಂತ ಗೊತ್ತಾದ್ರೆ ಇದಕ್ಕೂ ಕಂಬಿ ಹಾಕ್ತೀನಿ," ಎಂದರು ಡಾಕ್ಟರು. "ಹಾರೋಕಾಗ್ದೆ ಹಸಿವಿನಿಂದ ಸತ್ತಿದ್ರೆ, ಇನ್ನೊಂದಕ್ಕೆ ಅದೇ ಹಿಂಸೆ ಕೊಡೋಕೆ ನನಗೆ ಮನಸ್ಸಿಲ್ಲಮ್ಮ. ನಾಳೆ ನಾಲ್ಕು ಗಂಟೆವರೆಗೆ ಕಾಯ್ತೀನಿ. ಅದಾದ್ಮೇಲೆ ಮೂಳೆ ಕೂಡಲ್ಲ. ನೋವಾಗದ ಹಾಗೆ ಮಲಗಿಸ್ಬಿಡ್ತೀನಿ."

ಇನ್ನೊಂದು ತೊಡಕಿತ್ತು. ಅದೇ ವಾರ, ಅದೇ ಜಾಗದಲ್ಲಿ, ಬಿಸಿಲಿಗೆ ಬಾಯಾರಿ ಬಿದ್ದಿದ್ದ ಬೇರೊಂದು ಹದ್ದನ್ನೂ ಬಿಟ್ಟಿದ್ದರು. ಅದಕ್ಕೂ ಹಸಿರು ಬಳೆಯೇ, ಅಂಕಿ ಇಪ್ಪತ್ತಮೂರು. ಅದರ ರೆಕ್ಕೆಗೆ ಏನೂ ಆಗಿರಲಿಲ್ಲ, ಹಾಗಾಗಿ ಅದು ಹಾರುತ್ತಿದ್ದರೆ ನನ್ನ ಹದ್ದಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಬಳೆ ಕಂಡರೆ ಸಾಲದು, ಅಂಕಿ ಓದಬೇಕು. ಅಷ್ಟು ದೂರದಿಂದ ಅಷ್ಟು ಚಿಕ್ಕದನ್ನು ಓದಬಲ್ಲದ್ದು ನನಗೆ ಗೊತ್ತಿದ್ದ ಮಟ್ಟಿಗೆ ಈ ತೋಪು ಒಂದೇ.

ಬಸ್ಸಿನಲ್ಲಿ ಕಂಡಕ್ಟರು ಹೆಂಗಸರ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಹರಿದುಕೊಟ್ಟರು. ಹೆಂಗಸರೇ ತುಂಬಿದ್ದರು, ಎಲ್ಲರ ಕೈಯಲ್ಲೂ ಬಾಳೆಎಲೆ, ಹೂವು. ನಿಂತಿದ್ದವರೊಬ್ಬರ ಮಂಡಿಗೆ ನನ್ನ ಚೀಲ ತಾಗಿತು. ಏನ್ರೀ ಇದು ಕಲ್ಲಾ ಎಂದು ಅವರು ಸಿಡುಕಿದರು. ಕುಕ್ಕರ್ ಎಂದೆ. ಕರಿಬೇವನ್ನೂ ನನ್ನ ಮುಖವನ್ನೂ ನೋಡಿ ಅವರು ನಂಬಿದರು. ಮಾರ್ಕೆಟ್ಟಿಗೆ ಆರು ಕಿಲೋಮೀಟರೂ ಇಲ್ಲ, ಆದರೆ ಹಬ್ಬದ ಗಿಜಿಗಿಜಿಯಲ್ಲಿ ಒಂದು ಗಂಟೆ ಹಿಡಿಯಿತು. ಮೋಡ ಕಟ್ಟಿತ್ತು, ಗಾಳಿ ಇರಲಿಲ್ಲ, ಕುತ್ತಿಗೆ ಬೆವರಿ ಅಂಟಂಟಾಗಿತ್ತು.

ನನ್ನ ಲೆಕ್ಕಾಚಾರ ಸೀದಾ ಇತ್ತು. ಕಲಾಸಿಪಾಳ್ಯದ ಹಿಂದಿನ ಒಂದು ಗಲ್ಲಿಯಲ್ಲಿ ಸಾಲಾಗಿ ಮಟನ್ ಅಂಗಡಿಗಳಿವೆ. ಅಲ್ಲಿ ಚರ್ಬಿ, ಕರುಳು ಎಸೆಯುವ ಹೊತ್ತಿಗೆ ಸುತ್ತಮುತ್ತಲ ಹದ್ದುಗಳೆಲ್ಲ ತಲೆಯ ಮೇಲೆ ಗಿರಕಿ ಹೊಡೆಯುತ್ತವೆ. ಐದು ವರ್ಷದಿಂದ ನಾನು ಹದ್ದಿನ ಫೋಟೋ ತೆಗೆಯುವುದೇ ಅಲ್ಲಿ. ಚಾಮರಾಜಪೇಟೆಯ ಹದ್ದು ಕಲಾಸಿಪಾಳ್ಯಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು? ಒಂದು ಗಂಟೆಯಲ್ಲಿ ಕೆಲಸ ಮುಗಿಸಿ, ಸುಲ್ತಾನ್‌ಪೇಟೆಯಲ್ಲಿ ತಂಗಿಯ ಮಗಳ ಮದುವೆಯ ಕಾರ್ಡಿನ ಮಾದರಿಗಳನ್ನೂ ನೋಡಿಕೊಂಡು ಬರೋಣ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಗಲ್ಲಿಯ ತಿರುವಿನವರೆಗೂ ಮಟನ್ನಿಗೆ ಜನ ಸಾಲು ನಿಂತಿದ್ದರು. ತಲೆಯೆತ್ತಿ ನೋಡಿದೆ. ಆಕಾಶ ಖಾಲಿ. ವಿದ್ಯುತ್ ಕಂಬದ ಮೇಲೆ ಒಂದೇ ಒಂದು ಮರಿಹದ್ದು ಕೂತಿತ್ತು, ಕಾಲಲ್ಲಿ ಬಳೆಯಿಲ್ಲ. ಮುಕ್ಕಾಲು ಗಂಟೆ ಕಾದೆ, ಇನ್ನೊಂದು ಬರಲಿಲ್ಲ. ನನ್ನ ಗುರುತಿದ್ದ ಅಂಗಡಿಯ ಯಜಮಾನರನ್ನು ಕೇಳಿದರೆ ಅವರು ಕತ್ತಿ ನಿಲ್ಲಿಸದೆಯೇ ಹೇಳಿದರು, "ಇವತ್ತು ಅವಕ್ಕೆ ಊರೆಲ್ಲಾ ಊಟ ಅಲ್ವಾ ಅಕ್ಕಾ. ಮನೆ ಮನೆ ಮಾಳಿಗೆ ಮೇಲೆ ಬೇಯಿಸಿದ್ದು ಇಟ್ಟಿರ್ತಾರೆ. ನನ್ನತ್ರ ಹಸಿ ಕರುಳು ತಿನ್ನೋಕೆ ಯಾಕೆ ಬರ್ತವೆ?"

ತಲೆ ಚಚ್ಚಿಕೊಳ್ಳುವಂತಾಯಿತು. ಅಮಾವಾಸ್ಯೆ ಎಂದು ಗೊತ್ತಿತ್ತು. ಪಿತೃಗಳಿಗೆ ಎಡೆ ಇಡುವ ದಿನ ಎಂದೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಎಡೆ ಅಂದರೆ ಅನ್ನ, ವಡೆ, ಪಾಯಸ, ಅದನ್ನು ಮುಟ್ಟುವುದು ಕಾಗೆ. ಈ ಕಡೆಯ ಮನೆಗಳಲ್ಲಿ ತೀರಿಹೋದವರು ಇಷ್ಟಪಡುತ್ತಿದ್ದ ಕೋಳಿ, ಮಟನ್ನು, ಮೊಟ್ಟೆ ಎಲ್ಲವನ್ನೂ ಇಡುತ್ತಾರೆ. ಹದ್ದಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಐದು ವರ್ಷ ಹದ್ದು ನೋಡಿದ್ದೇನೆ ಎಂದು ಬೀಗುವವಳಿಗೆ ಇಷ್ಟು ಹೊಳೆದಿರಲಿಲ್ಲ. ಗಂಟೆ ಹನ್ನೊಂದು ಆಗುತ್ತಿತ್ತು.

ಅಲ್ಲಿಂದ ಸೀದಾ ಚಾಮರಾಜಪೇಟೆಗೆ ನಡೆದಿದ್ದರೆ ಬುದ್ಧಿವಂತಳಾಗುತ್ತಿದ್ದೆ. ಸಾವಿರಾರು ಮಾಳಿಗೆಗಳಲ್ಲಿ ಯಾವುದೆಂದು ಹುಡುಕುವುದು, ಎತ್ತರದ ಜಾಗದಿಂದ ನೋಡಿದರೆ ತಿಳಿದೀತು ಎಂದು ಬಸವನಗುಡಿಯ ಕಹಳೆ ಬಂಡೆಗೆ ಆಟೋ ಹಿಡಿದೆ. ಮೀಟರ್ ಕೆಟ್ಟಿದೆ ಎಂದು ನೂರೈವತ್ತು ಕೇಳಿದವನು ನೂರಕ್ಕೆ ಒಪ್ಪಿದ. ಎರಡೂವರೆ ಕಿಲೋಮೀಟರು, ಅರ್ಧ ಗಂಟೆ. ಬಂಡೆಯ ನೆತ್ತಿಗೆ ಹತ್ತುವಷ್ಟರಲ್ಲಿ ತುಂತುರು ಶುರುವಾಯಿತು. ಲೆನ್ಸಿಗೆ ಟವೆಲು ಹೊದಿಸಿ, ನಾನು ಸೆರಗು ಹೊದ್ದು, ನೆನೆಯುತ್ತಾ ಕೂತೆ. ಮಳೆ ನಿಂತದ್ದು ಹನ್ನೆರಡೂವರೆಗೆ. ಆ ಒಂದು ಗಂಟೆಯಲ್ಲಿ ನಾನು ನನಗೇ ಬೈದುಕೊಂಡಷ್ಟು ಯಾವ ಮೇಲಧಿಕಾರಿಯೂ ನನ್ನನ್ನು ಬೈದಿಲ್ಲ.

ಮರಗಳ ಸಂದಿಯಿಂದ ಉತ್ತರಕ್ಕೆ ಲೆನ್ಸು ತಿರುಗಿಸಿದೆ. ದೂರದಲ್ಲಿ, ಚಾಮರಾಜಪೇಟೆಯ ಮೇಲೆ, ಹದಿನೈದು ಇಪ್ಪತ್ತು ಹದ್ದುಗಳು ತಿರುಗುತ್ತಿದ್ದವು. ಚುಕ್ಕಿಯಷ್ಟೇ, ಬಳೆಯ ಮಾತೆಲ್ಲಿ ಬಂತು. ಒಂದು ಕಡೆ ಮಾತ್ರ ಅವು ಮತ್ತೆ ಮತ್ತೆ ಕೆಳಗಿಳಿದು ಏಳುತ್ತಿದ್ದವು. ಪಕ್ಕದಲ್ಲಿ ಎರಡು ನೀಲಿ ನೀರಿನ ಟ್ಯಾಂಕು, ಒಂದು ಮೊಬೈಲ್ ಗೋಪುರ. ಅಷ್ಟು ಗುರುತು ಹಿಡಿದುಕೊಳ್ಳುತ್ತಿದ್ದಾಗ ಹಿಂದಿನಿಂದ, ಯಾರ ಮನೆ ಫೋಟೋ ತೆಗೀತಿದೀರಾ ಎಂಬ ಪ್ರಶ್ನೆ ಬಂತು. ವಾಕಿಂಗ್ ಬೂಟಿನ ಹಿರಿಯರೊಬ್ಬರು. ಅವರ ತಮ್ಮನ ಜೊತೆ ಸೈಟಿನ ವ್ಯಾಜ್ಯವಿದೆಯಂತೆ, ನಾನು ತಮ್ಮನ ವಕೀಲರ ಕಡೆಯವಳೆಂದು ಅವರ ಅನುಮಾನ. ಪರದೆಯಲ್ಲಿ ಚುಕ್ಕಿಗಳನ್ನು ತೋರಿಸಿದೆ. ಇದನ್ನ ನೋಡೋಕೆ ಇಷ್ಟುದ್ದದ್ದು ಬೇಕಾ ಎಂದು ಕೇಳಿ, ನಂಬಿಕೆಯಿಲ್ಲದೆಯೇ ಹೊರಟುಹೋದರು. ಅವರಿಗೆ ಸಮಾಧಾನ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಚಾಮರಾಜಪೇಟೆಯಲ್ಲಿ ಇಳಿದಾಗ ಒಂದೂಕಾಲು. ತಲೆಯೆತ್ತಿಕೊಂಡೇ ರಸ್ತೆಯಿಂದ ರಸ್ತೆಗೆ ನಡೆದೆ. ಎರಡು ಸಲ ಚರಂಡಿ ಚಪ್ಪಡಿಗೆ ಎಡವಿದೆ, ಒಬ್ಬ ಸ್ಕೂಟರಿನವನು ಏನೋ ಬೈದುಕೊಂಡು ಹೋದ. ನೀಲಿ ಟ್ಯಾಂಕುಗಳು ಪ್ರತಿ ಮನೆಯ ಮೇಲೂ ಇದ್ದವು. ಕೊನೆಗೆ ಒಂದು ಅಡ್ಡರಸ್ತೆಯಲ್ಲಿ ಮೊಬೈಲ್ ಗೋಪುರ ಕಂಡಿತು. ಅದೇ ಹೊತ್ತಿಗೆ ನನ್ನ ತಲೆಯ ಮೇಲೆಯೇ, ಎರಡು ಮಹಡಿ ಎತ್ತರದಲ್ಲಿ, ಒಂದು ಹದ್ದು ಕಾಲು ಇಳಿಬಿಟ್ಟುಕೊಂಡು ತೇಲಿತು. ಎಡಗಾಲಲ್ಲಿ ಹಸಿರು. ಲೆನ್ಸು ಚೀಲದಿಂದ ಹೊರಬರುವಷ್ಟರಲ್ಲಿ ಅದು ಮನೆಯ ಹಿಂದೆ ಮರೆಯಾಗಿತ್ತು. ಏನು ಹೇಳುವುದೆಂದು ಯೋಚಿಸದೆಯೇ ಆ ಮನೆಯ ಬೆಲ್ಲು ಒತ್ತಿದೆ.

ಬಾಗಿಲು ತೆಗೆದವನು ನಲವತ್ತರ ಆಸುಪಾಸಿನ ಗಂಡಸು. ಪಂಚೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಹಸಿವು. ಅವನ ಹೆಸರು ಕುಮಾರ್ ಎಂದು ಆಮೇಲೆ ತಿಳಿಯಿತು. ನಿಮ್ಮ ಟೆರೇಸಿನ ಮೇಲೆ ಒಂದು ಗಂಟೆ ನಿಲ್ಲಬೇಕು, ಒಂದು ಹದ್ದಿನ ಕಾಲು ನೋಡಬೇಕು ಎಂದೆ. ಹೇಳುವಾಗಲೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು. ಇವತ್ತು ಆಗಲ್ಲ ಮೇಡಂ ಎಂದು ಅವನು ಬಾಗಿಲು ಎಳೆಯುತ್ತಿದ್ದ. ಮೆಟ್ಟಿಲ ಮೇಲಿಂದ ಅವನ ತಾಯಿ ಗೌರಮ್ಮ ಯಾರೆಂದು ಕೇಳಿದರು. ನಾನು ಅಲ್ಲಿಂದಲೇ ದನಿ ಎತ್ತರಿಸಿ ಎಲ್ಲವನ್ನೂ ಹೇಳಿಬಿಟ್ಟೆ: ಮುರಿದ ರೆಕ್ಕೆ, ಬಳೆ, ನಾಲ್ಕು ಗಂಟೆ.

ಗೌರಮ್ಮ ಎರಡು ಮೆಟ್ಟಿಲು ಇಳಿದು ನನ್ನ ಒದ್ದೆ ಸೀರೆ ನೋಡಿದರು. "ಈ ದಿನ ಬಾಗಿಲಿಗೆ ಬಂದೋರನ್ನ ವಾಪಸ್ ಕಳಿಸಬಾರದು ಕುಮಾರ. ಬರ್ಲಿ," ಎಂದರು.

ಟೆರೇಸಿನ ಮೂಲೆಯ ಕಟ್ಟೆಯ ಮೇಲೆ ಬಾಳೆಎಲೆ ಹಾಸಿತ್ತು. ಮುದ್ದೆ, ಮಟನ್ ಸಾರು, ಹುರಿದ ಕೋಳಿಯ ದೊಡ್ಡ ತುಂಡು, ಮೊಟ್ಟೆ, ಅನ್ನ, ವಡೆ, ಕಜ್ಜಾಯ, ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಗೌರಮ್ಮನ ಯಜಮಾನರು ಹೋಗಿ ವರ್ಷ ತುಂಬಿ ಇಟ್ಟ ಮೊದಲ ಎಡೆ. ಹನ್ನೆರಡೂವರೆಯಿಂದ ಕಾಯುತ್ತಿದ್ದಾರೆ, ಕಾಗೆ ಬಂದಿಲ್ಲ. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಕುಮಾರನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮೆಟ್ಟಿಲ ಬಾಗಿಲಲ್ಲಿ ಸೊರಗಿ ಕೂತಿದ್ದರು. ಎದುರು ಮನೆಯ ತೆಂಗಿನ ಮೇಲೆ ಏಳೆಂಟು ಕಾಗೆಗಳು ಇದ್ದವು, ಇತ್ತ ನೋಡುತ್ತಲೂ ಇದ್ದವು. ಊರ ತುಂಬ ಎಡೆ ಇದ್ದ ದಿನ ಅವಕ್ಕೇನು ಅವಸರ?

ನಾನು ಲೆನ್ಸು ಹೊರತೆಗೆದೆ. ಕಾಗೆಗಳು ಕೂಗಿ ಎದ್ದು ಹಿಂದಿನ ಮರಕ್ಕೆ ಹೋಗಿ ಕೂತವು. ಕುಮಾರನ ಮುಖ ಕೆಂಪಾಯಿತು. "ಅದನ್ನ ಬಂದೂಕು ಅಂದ್ಕೊಂಡಿವೆ. ದಯವಿಟ್ಟು ಒಳಗಿಡಿ ಮೇಡಂ," ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ಕಾಗೆಗಳ ಮುಂದೆ ಉದ್ದನೆಯ ಕಪ್ಪು ವಸ್ತು ಎತ್ತಬಾರದೆಂದು ನನಗೂ ಗೊತ್ತು. ಆದರೆ ಒಳಗಿಟ್ಟರೆ ನನ್ನ ಹದ್ದು ಸತ್ತ ಹಾಗೆ. ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಗೌರಮ್ಮ ಒಣಗಲು ಹಾಕಿದ್ದ ಬೂದು ಬಣ್ಣದ ಹೊದಿಕೆಯೊಂದನ್ನು ತಂತಿಯಿಂದ ಎಳೆದುಕೊಟ್ಟರು. ಎರಡು ನೀಲಿ ಟ್ಯಾಂಕುಗಳ ನಡುವಿನ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಲೆನ್ಸಿನ ಸಮೇತ ಮೈ ಮೇಲೆ ಅದನ್ನು ಎಳೆದುಕೊಂಡೆ. ಗಾಜಿನಷ್ಟು ಮಾತ್ರ ಕಿಂಡಿ. ಒಳಗೆ ಬೆವರು, ಒದ್ದೆ ಸೀರೆ, ಮಂಡಿಯ ನೋವು. ಗೌರಮ್ಮ ಪಕ್ಕದಲ್ಲೇ ಗೋಡೆಗೊರಗಿ ಕೂತರು.

ಅವರು ಪಿಸುಮಾತಿನಲ್ಲಿ ಹೇಳಿದ್ದರಿಂದ ಕುಮಾರನ ಕಳವಳ ಅರ್ಥವಾಯಿತು. ತಂದೆಯ ಹಳೇ ಲಾರಿಯನ್ನು ಅವನು ಹೇಳದೆ ಕೇಳದೆ ಮಾರಿಬಿಟ್ಟಿದ್ದ. ಅದಾದ ಮೇಲೆ ಆರು ತಿಂಗಳು ಅಪ್ಪ ಮಗನ ಜೊತೆ ಮಾತಾಡಲಿಲ್ಲ, ಮಾತಾಡದೆಯೇ ಹೋದರು. ಕಾಗೆ ಎಡೆ ಮುಟ್ಟದಿದ್ದರೆ ಹೋದವರಿಗೆ ಇನ್ನೂ ಸಿಟ್ಟಿದೆ ಎಂದು ಅರ್ಥ. ಅವನು ಎಲೆಯ ಪಕ್ಕ ಕೈಕಟ್ಟಿ ನಿಂತುಕೊಂಡು, ಆಗಾಗ ಕಾ ಕಾ ಎಂದು ಕರೆಯುತ್ತಿದ್ದ. ಅಷ್ಟು ದೊಡ್ಡ ಗಂಡಸು ಹಾಗೆ ಕರೆಯುವುದನ್ನು ಕೇಳಲು ಕಷ್ಟವಾಗುತ್ತಿತ್ತು. ನಾನು ಅವರ ಮನೆಯ ಮೇಲೆ ಕೂತು ಕೇಡು ಮಾಡುತ್ತಿದ್ದೇನೋ ಎಂದು ಅನಿಸಿತು. ಆದರೂ ಏಳಲಿಲ್ಲ.

ಎರಡೂ ನಲವತ್ತಕ್ಕೆ ಅದು ಬಂತು. ಕಾಗೆಯಲ್ಲ, ಹದ್ದು. ಟ್ಯಾಂಕಿನ ಹಿಂದಿನಿಂದ ಸದ್ದಿಲ್ಲದೆ ಇಳಿದು, ಕುಮಾರನ ತಲೆಯ ಮೇಲೆ ಒಂದು ಮೊಳದಲ್ಲಿ ಹಾದು, ಕೋಳಿಯ ತುಂಡನ್ನು ಕಾಲಲ್ಲಿ ಎತ್ತಿಕೊಂಡು ಹೋಯಿತು. ನನ್ನ ಬೆರಳು ತಾನಾಗಿಯೇ ಒತ್ತಿತ್ತು. ಇಪ್ಪತ್ತೆರಡು ಫೋಟೋ. ಹೊದಿಕೆಯೊಳಗೆ ಪರದೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹಸಿರು ಬಳೆ ಸ್ಪಷ್ಟವಾಗಿತ್ತು. ಅದರ ಮೇಲೆ ಎರಡು ಎಂಬ ಅಂಕಿಯೂ ಇತ್ತು. ಅದರ ಪಕ್ಕದ್ದು ಕಾಲಿನ ತಿರುವಿನಲ್ಲಿ ಆ ಕಡೆಗೆ ಹೋಗಿಬಿಟ್ಟಿತ್ತು. ಒಂದೊಂದಾಗಿ ಎಲ್ಲವನ್ನೂ ನೋಡಿದೆ, ಒಂದರಲ್ಲೂ ಇಲ್ಲ.

"ಕಾಗೆ ಬರೋಕ್ಮುಂಚೆ ಎಡೆ ಎಂಜಲಾಯ್ತು," ಎಂದ ಕುಮಾರ್, ನನ್ನ ಕಡೆ ತಿರುಗದೆಯೇ. "ನೀವು ಬರ್ದೇ ಇದ್ದಿದ್ರೆ ಇಷ್ಟೊತ್ತಿಗೆ ಕಾಗೆ ಮುಟ್ಟಿರೋದು."

ಫೋನು ತೆಗೆದು ಡಾಕ್ಟರಿಗೆ ಬರೆದೆ: ಇಪ್ಪತ್ತನಾಲ್ಕು ಸಿಕ್ಕಿತು, ಚೆನ್ನಾಗಿ ಹಾರುತ್ತಿದೆ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿತ್ತು. ಯಾರಿಗೆ ಗೊತ್ತಾಗುತ್ತದೆ? ಒಂದು ಸುಳ್ಳಿನಿಂದ ಒಂದು ಜೀವ ಉಳಿಯುವುದಾದರೆ ಹೇಳಿದರೆ ತಪ್ಪೇನು? ಆದರೆ ಅದು ಇಪ್ಪತ್ತಮೂರಾಗಿದ್ದರೆ ಏನು ಗತಿ ಎಂಬ ಯೋಚನೆಯೂ ಜೊತೆಗೇ ಬಂತು. ಆಗ ಪೆಟ್ಟಿಗೆಯ ತೂತಿನಿಂದ ನನ್ನನ್ನು ನೋಡಿದ ಆ ಪ್ರಾಣಿ ಒಂದೂವರೆ ತಿಂಗಳು ಕಂಬಿಯ ನೋವು ತಿಂದು, ಹೊರಗೆ ಬಂದು, ಯಾವುದೋ ಮಾಳಿಗೆಯ ಮೂಲೆಯಲ್ಲಿ ಹಸಿದು ಸಾಯುತ್ತದೆ. ನನ್ನ ಸಮಾಧಾನಕ್ಕೆ ಅದು ಅಷ್ಟನ್ನು ಅನುಭವಿಸಬೇಕೆ? ಅಕ್ಷರಗಳನ್ನು ಅಳಿಸಿಹಾಕಿದೆ. ಕಣ್ಣು ತುಂಬಿಕೊಂಡಿತು.

ಅಂಕಿ ಕಾಣಿಸ್ತಾ ಎಂದು ಗೌರಮ್ಮ ಕೇಳಿದರು. ಇಲ್ಲ ಎಂದೆ. ಅವರು ಮಂಡಿ ಹಿಡಿದುಕೊಂಡು ಎದ್ದು ಕೆಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ತಟ್ಟೆ, ಅದರಲ್ಲಿ ಕೋಳಿಯ ಇನ್ನೊಂದು ತುಂಡು. ಒಂದು ಸಲ ಇಟ್ಟ ಮೇಲೆ ಮತ್ತೆ ಇಡುವ ಪದ್ಧತಿ ಇಲ್ಲ ಎಂದು ಕುಮಾರ್ ತಡೆದ.

"ನಿಮ್ಮಪ್ಪ ಯಾವತ್ತು ಒಂದೇ ತುಂಡಿಗೆ ಎದ್ದಿದ್ರು ಹೇಳು?" ಎಂದರು ಗೌರಮ್ಮ. "ತಗೋ. ನಿನ್ನ ಕೈಯಾರೆ ಇಡು."

ಅವನು ತಾಯಿಯ ಮುಖ ನೋಡಿದ. ಆಮೇಲೆ ತಟ್ಟೆ ತೆಗೆದುಕೊಂಡು, ತುಂಡನ್ನು ಎಲೆಯ ಮೇಲಿಟ್ಟು, ಕೈಮುಗಿದು ಹಿಂದೆ ಸರಿದ.

ಮೂರು ಗಂಟೆ. ಮೂರೂಕಾಲು. ಮೋಡ ಇಳಿದು ಬೆಳಕು ಸೋರಿಹೋಗುತ್ತಿತ್ತು. ಬೆಳಕು ಕಡಿಮೆಯಾಯಿತೆಂದು ಕ್ಯಾಮೆರಾದ ವೇಗ ಇಳಿಸಿದರೆ ಹಾರುವ ಹಕ್ಕಿಯ ಕಾಲಿನ ಅಂಕಿ ಬರೀ ಗೀಟಾಗುತ್ತದೆ, ಆದ್ದರಿಂದ ಇಳಿಸುವಂತಿಲ್ಲ. ಫೋಟೋದಲ್ಲಿ ಮರಳು ಚೆಲ್ಲಿದ ಹಾಗೆ ಕಾಣಿಸಿದರೂ ಸರಿ ಎಂದು ಬೆಳಕು ಹಿಡಿಯುವ ಶಕ್ತಿಯನ್ನು ಪೂರ್ತಿ ಏರಿಸಿ ಕೂತೆ. ಈ ಸಲ ಕಾಲು ಎಡಕ್ಕೆ ತಿರುಗಿದಾಗ ಒತ್ತಬೇಕು. ಮೂರೂವರೆಗೆ ಎರಡು ಹನಿ ಬಿದ್ದವು. ಮಕ್ಕಳು ಹಸಿವು ಎನ್ನುವುದನ್ನೂ ಬಿಟ್ಟಿದ್ದರು. ನನ್ನ ಬಲಗಾಲು ಜೋಮು ಹಿಡಿದು ಇಲ್ಲದಂತಾಗಿತ್ತು. ಬಾ ತಾಯಿ, ಬಾ ಎಂದು ನಾನು ಹೊದಿಕೆಯೊಳಗೆ ಬೇಡುತ್ತಿದ್ದೆ. ಹೊರಗೆ ಕುಮಾರ್ ಕಾ ಕಾ ಎನ್ನುತ್ತಿದ್ದ.

ಮೂರೂ ಮೂವತ್ತೆಂಟಕ್ಕೆ ಕಾಗೆಗಳ ಗಲಾಟೆ ಕೇಳಿತು. ಹದ್ದು ಗೋಪುರದ ಕಡೆಯಿಂದ ಬರುತ್ತಿತ್ತು, ಅದರ ಬಾಲ ಹಿಡಿಯುವಷ್ಟು ಹತ್ತಿರದಲ್ಲಿ ಆರೇಳು ಕಾಗೆಗಳು ಅಟ್ಟಿಸಿಕೊಂಡು ಬರುತ್ತಿದ್ದವು. ಅದು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು, ರೆಕ್ಕೆ ಮಡಿಸಿ ನೇರ ಎಲೆಯ ಮೇಲೆ ಎರಗಿತು. ಕಾಲು ಮುಂದೆ ಚಾಚಿದ ಕ್ಷಣದಿಂದ ತುಂಡಿನೊಂದಿಗೆ ಟ್ಯಾಂಕಿನಾಚೆ ಏಳುವವರೆಗೂ ನಾನು ಬೆರಳು ಎತ್ತಲಿಲ್ಲ.

ಹೊದಿಕೆ ಕಿತ್ತು ಹೊರಬಂದು ನೋಡಿದರೆ ಎಲ್ಲರೂ ಕಲ್ಲಾಗಿ ನಿಂತಿದ್ದರು. ಅಟ್ಟಿಸಿಕೊಂಡು ಬಂದ ಕಾಗೆಗಳಲ್ಲಿ ಎರಡು ಎಲೆಯ ಮೇಲೆ ಇಳಿದಿದ್ದವು. ಒಂದು ಮುದ್ದೆಗೆ ಕೊಕ್ಕು ಹಾಕಿತು. ಇನ್ನೊಂದು ಮೊಟ್ಟೆ ಎಳೆಯಿತು. ಕುಮಾರ್ ನಿಂತ ಜಾಗದಲ್ಲೇ ಕೂತು, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ನನಗೆ ಪರದೆ ನೋಡಲಾಗುತ್ತಿರಲಿಲ್ಲ. ಕನ್ನಡಕದ ಮೇಲೆಲ್ಲ ಬೆವರು. ಯಾರಾದರೂ ಓದಿ ಎಂದು ಕ್ಯಾಮೆರಾ ಮುಂದೆ ಹಿಡಿದೆ. ಕುಮಾರ್ ಕಣ್ಣೊರೆಸಿಕೊಂಡು ಎದ್ದುಬಂದು ತೆಗೆದುಕೊಂಡ. ಒಂದು ಫೋಟೋ ನೋಡಿದ, ಇನ್ನೊಂದು ನೋಡಿದ.

"ಇಪ್ಪತ್ತನಾಲ್ಕು," ಎಂದ. "ಎರಡು, ನಾಲ್ಕು. ಚೆನ್ನಾಗಿ ಕಾಣ್ತಿದೆ. ಇದೇನಾ ನಿಮಗೆ ಬೇಕಾಗಿದ್ದಿದ್ದು?"

ಆರು ಫೋಟೋ ಡಾಕ್ಟರಿಗೆ ಕಳಿಸಿದಾಗ ಮೂರೂ ನಲವತ್ತಮೂರು. ಅವರು ನೋಡಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆಗಲೇ ಸೂಜಿ ತುಂಬಿಸಿಕೊಂಡು ಕೂತಿದ್ದರೆ? ನಾಲ್ಕು ಅಂದವರು ಮೂರೂಮುಕ್ಕಾಲಿಗೇ ಮುಗಿಸಿಬಿಟ್ಟಿದ್ದರೆ? ಮಾಳಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಕಾಗೆ ಮುಟ್ಟಿಯಾಗಿತ್ತು, ಅವರಿನ್ನು ಇಳಿದು ಉಣ್ಣಬಹುದಿತ್ತು. ಯಾರೂ ಇಳಿಯಲಿಲ್ಲ. ಐದನೇ ಸಲ ಕುಮಾರ್ ತನ್ನ ಫೋನಿನಿಂದಲೂ ಪ್ರಯತ್ನಿಸಿದ.

ಮೂರೂ ಐವತ್ತೆರಡಕ್ಕೆ ಡಾಕ್ಟರೇ ಫೋನ್ ಮಾಡಿದರು. ಫೋಟೋ ನೋಡಿದೆ, ಕಣ್ಣಾರೆ ಕಂಡದ್ದನ್ನು ಹೇಳಿ ಎಂದರು. ಎರಡೂ ಕಡೆಗೆ ವಾಲುತ್ತದೆ, ಎಡಕ್ಕೆ ತಿರುಗುವಾಗ ಒಂದಿಷ್ಟು ಬಿಗಿ ಇದೆ, ಕೂರದೆ ಹಾರುತ್ತಲೇ ಎತ್ತಿಕೊಳ್ಳುತ್ತದೆ, ಅಟ್ಟಿಸಿಕೊಂಡು ಬಂದ ಕಾಗೆಗಳ ಕೈಗೆ ಸಿಗಲಿಲ್ಲ ಎಂದೆ. ಬಿಗಿ ಇರುವುದನ್ನು ಮುಚ್ಚಿಡಲಿಲ್ಲ.

"ಫೋನ್ ಇಡಿ ಅಮ್ಮ," ಎಂದರು. "ನಾನು ಕೈ ತೊಳ್ಕೋಬೇಕು. ಕಂಬಿ ಹಾಕೋಕೆ ಹೋಗ್ತಿದೀನಿ."

ನಾಲ್ಕೂಕಾಲಿಗೆ ಆ ಮನೆಯಲ್ಲಿ ಎಲೆ ಹಾಕಿದರು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಗೌರಮ್ಮ ಬೇಜಾರು ಮಾಡಿಕೊಳ್ಳದೆ ಅನ್ನ, ಮೊಸರು, ಮೂರು ಕಜ್ಜಾಯ ಬಡಿಸಿದರು. ನನ್ನ ಡಬ್ಬಿಯ ಅವಲಕ್ಕಿಯನ್ನು ಹೆಣ್ಣುಮಕ್ಕಳು ಹಂಚಿಕೊಂಡು ಮುಗಿಸಿದರು. ಕುಮಾರ್ ಊಟದ ಮಧ್ಯೆ ಒಂದೇ ಮಾತಾಡಿದ್ದು. ನಾನು ಏನೇನೋ ಅಂದ್ಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ ಎಂದ. ಆಮೇಲೆ ಸ್ಕೂಟರಿನಲ್ಲಿ ಮಾರ್ಕೆಟ್ ಮೆಟ್ರೋ ನಿಲ್ದಾಣದವರೆಗೆ ಬಿಟ್ಟು, ಏನಾಯ್ತು ಅಂತ ಹೇಳಿ ಎಂದು ನಂಬರ್ ಬರೆಸಿಕೊಂಡ. ನೆಲದಡಿಗೆ ಇಳಿಯುವ ಮೊದಲು ತಿರುಗಿ ನೋಡಿದೆ. ಚಾಮರಾಜಪೇಟೆಯ ಮೇಲೆ ಹದ್ದುಗಳು ಹೊಟ್ಟೆ ತುಂಬಿ ಸೋಮಾರಿಯಾಗಿ ತಿರುಗುತ್ತಿದ್ದವು. ಯಾವುದರ ಕಾಲಲ್ಲಿ ಬಳೆ ಇದೆ ಎಂದು ಬರಿಗಣ್ಣಿಗೆ ಕಾಣುವಂತಿರಲಿಲ್ಲ.

ಸಂಪಿಗೆ ರಸ್ತೆಯಲ್ಲಿ ಇಳಿದು ಮನೆ ಸೇರಿದಾಗ ಐದೂಮುಕ್ಕಾಲು. ದೀಪ ಹಚ್ಚಿದೆ, ಕಾಫಿಗೆ ನೀರಿಟ್ಟೆ, ಕಾಫಿ ಮಾಡುವುದನ್ನು ಮರೆತೆ. ಏಳೂ ಹತ್ತಕ್ಕೆ ಡಾಕ್ಟರ ಮೆಸೇಜು ಬಂತು. ಎಚ್ಚರವಾಗಿದೆ, ನನ್ನ ಕೈಗವಸು ಹರಿದುಹಾಕಿದೆ, ಇನ್ನು ಆರು ವಾರ ನೋಡಬೇಕು ಎಂದು ಬರೆದಿದ್ದರು. ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಕೇಳುವವರು ಯಾರೂ ಇಲ್ಲದ್ದು ಒಳ್ಳೆಯದೇ ಆಯಿತು.

ಮುಖ ತೊಳೆದುಕೊಂಡು ಕುಮಾರನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಫೋನು ಕಿವಿಯಿಂದ ಇಳಿಸಿ, ಅಮ್ಮಾ ಉಳ್ಕೊಂತಂತೆ ಎಂದು ಕೂಗಿ ಹೇಳಿದ್ದು ಕೇಳಿಸಿತು. ಒಳಗೆಲ್ಲೋ ಪಾತ್ರೆಯ ಸದ್ದು ನಿಂತಿತು.

"ಯಾರು ಉಳ್ಕೊಂಡಿದ್ದಪ್ಪಾ?" ಎಂದರು ಗೌರಮ್ಮ.

"ಮಲ್ಲೇಶ್ವರದ ಹದ್ದು, ಅಮ್ಮ," ಎಂದ ಕುಮಾರ್.